ಚಿತ್ತಿಲ್ಲದ ಮಹಜರು

ಮೂವತ್ತು ವರ್ಷ ಠಾಣೆಯಲ್ಲಿ ಬರೆದೂ ಬರೆದೂ ಬೆರಳು ಸೊಟ್ಟಗಾದ ಮೇಲೆ ರೈಟರು ನಿವೃತ್ತರಾದರು. ಮಗಳು ಅದೇ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆದಾಗ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಮಗಳೇ ಇವತ್ತು, ಒಂದು ಪಕ್ಷದ ಕಚೇರಿಯಲ್ಲಿ ತಾನು ನಡೆಸಿದ ಶೋಧದ ಮಹಜರನ್ನು ತಂದು ಅಪ್ಪನ ಮುಂದಿಟ್ಟಳು. ಶೋಧ ಕ್ರಮವಾಗಿ ನಡೆದಿಲ್ಲವೆಂದು ಪಕ್ಷದವರ ತಕರಾರು. ನಾಳೆ ಅವಳು ಕಟಕಟೆ ಹತ್ತಬೇಕು.

ನಾಲ್ಕು ಪುಟ. ಮುತ್ತು ಪೋಣಿಸಿದಂಥ ಅಕ್ಷರ. ಒಂದೇ ಒಂದು ಚಿತ್ತಿಲ್ಲ. ರೈಟರು ಮತ್ತೆ ಮೊದಲ ಪುಟಕ್ಕೆ ತಿರುಗಿದರು.

"ಎಲ್ಲಿ ಕೂತು ಬರೆದೆಯಮ್ಮ ಇದನ್ನ?"

ಅವಳು ಪುಟಗಳ ಅಂಚು ಸರಿಮಾಡತೊಡಗಿದಳು.

"ಸ್ಥಳದಲ್ಲೇ ಮೊಣಕಾಲ ಮೇಲಿಟ್ಟು ಬರೆಯೋ ಮಹಜರಲ್ಲಿ ಹತ್ತು ಕಡೆ ಚಿತ್ತಿರುತ್ತೆ. ಕುರ್ಚಿ ಆರು ಅಂತ ಬರೆದಿರ್ತೀವಿ, ಏಳನೇದು ಬಾಗಿಲ ಹಿಂದೆ ಸಿಗುತ್ತೆ."

"ಠಾಣೇಲಿ ಬರೆದೆ ಅಪ್ಪ. ಪಂಚರು ಬರೋದು ತಡವಾಯ್ತು. ಮೇಲಿನವರದು ಫೋನಿನ ಮೇಲೆ ಫೋನು. ಒಳಗೆ ಹೋಗಿಬಿಟ್ವಿ. ಅವರು ಆಮೇಲೆ ಬಂದು ಸಹಿ ಹಾಕಿದ್ರು."

ಪಂಚರೆಂದರೆ ಹೊರಗಿನ ಇಬ್ಬರು ಸಾಕ್ಷಿಗಳು. ಅವರ ಕಣ್ಣೆದುರೇ ಬಾಗಿಲು ತೆಗೆಯಬೇಕು. ಇದೇನು ಅವಳಿಗೆ ಗೊತ್ತಿಲ್ಲದ್ದೇ? ಆರು ವರ್ಷದವಳಿದ್ದಾಗ ಅವಳಿಗೆ ಬೇರೆ ಆಟವೇ ಬೇಡ. ರೈಟರು ಸೌಟು ಬಚ್ಚಿಡಬೇಕು, ಅವಳು ಹುಡುಕಬೇಕು, ಅಮ್ಮ, ಅಜ್ಜಿ ಪಂಚರು. ಒಮ್ಮೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಸೌಟು ಸಿಕ್ಕಿಬಿಟ್ಟಿತು. "ನಾನು ನೋಡಿಲ್ಲ, ರುಜು ಹಾಕಲ್ಲ" ಎಂದು ಅಮ್ಮನ ಪಟ್ಟು. ಮಗು ಅತ್ತೂ ಕರೆದೂ ಕೊನೆಗೆ ಸೌಟನ್ನು ಮತ್ತೆ ಹಾಸಿಗೆಯಡಿ ತೂರಿಸಿ ಹೊಸದಾಗಿ ಹುಡುಕಿತು. ಕಾನೂನಿನ ಪ್ರಕಾರ ಅದು ಇನ್ನೂ ದೊಡ್ಡ ತಪ್ಪು, ಬಿಡಿ! ದೊಡ್ಡವರಿಗೆಲ್ಲ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು. ಆ ಪಂಚರಿಬ್ಬರೂ ಈಗಿಲ್ಲ.

"ನಾಳೆ ಏನು ಹೇಳ್ಲಿ ಅಪ್ಪ? ನಿಜ ಹೇಳಿದ್ರೆ ಕೇಸು ಬೀಳುತ್ತೆ, ನನ್ನ ಕೆಲಸಕ್ಕೂ ಕುತ್ತು."

"ನಡೆದದ್ದು ಹೇಳು," ಎಂದರು ರೈಟರು. ಮನೆಯಲ್ಲಿ ಕೂತು ಹೇಳುವುದಕ್ಕೇನು ಕಷ್ಟ?

ಮರುದಿನ ಅವರು ಕೋರ್ಟಿನ ಹಿಂದಿನ ಬೆಂಚಿನಲ್ಲಿದ್ದರು. "ಬಾಗಿಲು ತೆಗೆದಾಗ ಪಂಚರು ಇದ್ದರೇ?" ಎಂದು ಪಕ್ಷದ ಪರ ವಕೀಲರು ಕೇಳಿದರು. ಮಗಳು ಅಪ್ಪನ ಕಡೆ ನೋಡಿದಳು. ಇದ್ದರು ಅನ್ನು ಮಗಳೇ, ಅಂದುಬಿಡು, ಎಂದು ರೈಟರ ಜೀವ ಬಡಿದುಕೊಂಡಿತು. ನಾಚಿಕೆಯಾಯಿತು, ಆದರೂ ಬಡಿದುಕೊಳ್ಳುತ್ತಲೇ ಇತ್ತು.

"ಇರಲಿಲ್ಲ ಸ್ವಾಮಿ. ಶೋಧ ಮುಗಿದ ಮೇಲೆ ಬಂದರು."

ಅವಳು ಇಳಿದು ಬರುವಾಗ ಇಲಾಖೆಯವರು ಮುಖ ತಿರುಗಿಸಿಕೊಂಡರು. ಬಂದವಳು ಅಪ್ಪನ ಪಕ್ಕ ಕೂತಳು.

"ನೀವು ಹೇಳಿದ ಹಾಗೇ ಹೇಳಿದೆ ಅಪ್ಪ."

ರೈಟರಿಗೆ ಅವಳ ಮುಖ ನೋಡಲಾಗಲಿಲ್ಲ.

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ," ಎಂದರು, "ಇದ್ರು ಅಂದುಬಿಡ್ತಿದ್ದೆ ಕಣಮ್ಮ."