ಎತ್ತಿ ಹಿಡಿದ ಗಾಲಿ

ಬೇಕರಿಯವನ ಸೈಕಲ್ಲಿನ ಹಿಂದಿನ ಗಾಲಿ, ಅದರಿಂದ ಒಂದು ಗೇಣು ದೂರದಲ್ಲಿ ತನ್ನ ಮುಂದಿನ ಗಾಲಿ, ಆ ಗೇಣು ಹೆಚ್ಚಾಗಬಾರದು, ಕಡಿಮೆಯಾಗಬಾರದು, ಹೆಚ್ಚಾದರೆ ಗಾಳಿ ನುಗ್ಗುತ್ತದೆ, ಕಡಿಮೆಯಾದರೆ ಇಬ್ಬರೂ ಡಾಂಬರು ಮುಕ್ಕಬೇಕು – ಬೇಕರಿಯವನ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಎದ್ದಿದೆ, ಯಾರೋ ಹಿಟ್ಟಿನ ಕೈ ಒರೆಸಿದ ಹಾಗೆ, ಎಂಥ ಬೆನ್ನಪ್ಪಾ ಇದು, ಇದರ ಹಿಂದೆ ಕೂತರೆ ಗಾಳಿ ಅನ್ನುವುದೇ ಇಲ್ಲ, ಮೂವತ್ತು ಕಿಲೋಮೀಟರಿನಿಂದ ಒಬ್ಬನೇ ಎದೆಯೊಡ್ಡಿ ಎಳೆಯುತ್ತಿದ್ದಾನೆ ಪುಣ್ಯಾತ್ಮ, ಯಾಕೆ, ಇವತ್ತು ಗೆಲ್ಲಬೇಕಾದವನು ಹಿಂದೆ ಕೂತಿರುವ ಕನ್ನಡಕದ ಅಂಗಡಿಯವನು ಅಂತ ತಂಡ ತೀರ್ಮಾನಿಸಿದೆ, ಅದಕ್ಕೆ. ಆ ಕನ್ನಡಕದ ಅಂಗಡಿಯವನು ತಾನು. ಹಿಂದೆ ಹಲ್ಲಿನ ಡಾಕ್ಟರು ಏದುಸಿರು ಬಿಡುತ್ತಿದ್ದಾರೆ, ಐವತ್ತೈದು ವಯಸ್ಸು, ಅವರೂ ತನಗೋಸ್ಕರವೇ ಹಿಂದಿನವರನ್ನು ತಡೆಯುತ್ತ ಬಂದಿದ್ದಾರೆ, ಎಲ್ಲರೂ ತನಗೋಸ್ಕರವೇ, ಅವನಿಗೆ ನಾಚಿಕೆಯಾಗುತ್ತದೆ, ನಾಚಿಕೆಯಾದರೂ ಕಾಲು ತುಳಿಯುತ್ತಲೇ ಇದೆ, ಕಾಲಿಗೆಲ್ಲಿಯ ನಾಚಿಕೆ. ಮೊನ್ನೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕೂರುವ ಬೆಂಚಿನ ಮೇಲೆ ರಸ್ತೆಯ ನಕ್ಷೆ ಹರಡಿಕೊಂಡು, ಈ ಸಲ ಯಾರು ಅಂತ ಮಾತು ಬಂದಾಗ ಬೇಕರಿಯವನು ಬಾಯಿ ತೆರೆಯುವುದರೊಳಗೆ ಭಾವನೇ ಹೇಳಿದ್ದು, ಇವನಿಗೆ ಬಿಡ್ರೋ, ಇವನ ಕಾಲು ಈಗ ಚೆನ್ನಾಗಿದೆ, ನಾನು ಏರಿನ ಹತ್ರ ನೀರಿನ ಬಾಟಲಿ ಹಿಡ್ಕೊಂಡು ನಿಂತಿರ್ತೀನಿ. ಅಕ್ಕನ ಗಂಡ. ಲಿಫ್ಟ್ ರಿಪೇರಿಯವನು. ಕೈಬೆರಳಿನ ಗ್ರೀಸು ಯಾವ ಸೋಪಿಗೂ ಹೋಗದವನು. ಏರಿನ ಹತ್ತಿರವೇ ಯಾಕೆ ಭಾವ ಅಂತ ಕೇಳಬೇಕೆಂದು ನಾಲಿಗೆ ತುದಿಯವರೆಗೆ ಬಂದಿತ್ತು, ಕೇಳಲಿಲ್ಲ, ಏರಿನಲ್ಲಿ ಸೈಕಲ್ಲು ನಿಧಾನವಾಗುತ್ತದೆ, ಬಾಟಲಿ ಕೊಡಲು ಸುಲಭ, ಅಷ್ಟೇ ಇರಬೇಕು.

ಅಷ್ಟೇ ಇರಬೇಕು, ಮತ್ತೇನು, ಆರು ವರ್ಷದ ಹಿಂದಿನ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ, ತಾನೊಬ್ಬನೇ – ಗೇರು ಇಳಿಸು, ಬೇಕರಿಯವನು ಇಳಿಸಿದ – ಅವತ್ತು ಗೆಲ್ಲಬೇಕಾಗಿದ್ದವನು ಭಾವ, ಹನ್ನೊಂದು ವರ್ಷ ಬೇರೆಯವರಿಗೆ ಗಾಳಿ ಕಡಿದು ಕಡಿದು ಒಂದು ಸಲವೂ ಮೊದಲು ಬಾರದವನು, ನಲವತ್ತಾರು ತುಂಬಿತ್ತು, ಈ ವರ್ಷ ಭಾವನದು ಅಂತ ಎಲ್ಲರೂ ಕೈ ಮೇಲೆ ಕೈ ಇಟ್ಟು ಹೇಳಿದ್ದರು, ತಾನೂ ಇಟ್ಟಿದ್ದ, ಎಲ್ಲರಿಗಿಂತ ಮೇಲೆ ಇದ್ದದ್ದು ತನ್ನ ಕೈಯೇ. ಈ ತಂಡದಲ್ಲಿ ಮೊದಲಿಂದ ಒಂದು ಕಟ್ಟುಪಾಡು, ನಮ್ಮ ಹಿಂದೆ ಕಾರಿಲ್ಲ, ಬೇರೆ ಗಾಲಿ ತಂದುಕೊಡುವವರಿಲ್ಲ, ಹಾಗಾಗಿ ಗೆಲ್ಲಬೇಕಾದವನ ಗಾಲಿ ಪಂಕ್ಚರ್ ಆದರೆ ಜೊತೆಯಲ್ಲಿದ್ದವನು ಇಳಿದು ತನ್ನ ಗಾಲಿ ಕಳಚಿ ಕೊಡಬೇಕು, ಕೊಟ್ಟು ರಸ್ತೆ ಬದಿಯಲ್ಲಿ ಕೂತುಕೊಳ್ಳಬೇಕು, ಅವನ ಓಟ ಅಲ್ಲಿಗೆ ಮುಗಿಯಿತು. ಅದನ್ನು ಕಲಿಸಿದವನು ಭಾವನೇ, ಎಷ್ಟು ಸಲ ಕೊಟ್ಟಿದ್ದನೋ ಅವನು, ಒಂದು ಸಲ ಡಾಕ್ಟರಿಗೆ ಕೊಟ್ಟು ಮಳೆಯಲ್ಲಿ ಎರಡು ಗಂಟೆ ಕಲ್ಲಿನ ಮೇಲೆ ಕೂತಿದ್ದು ಬಂದು, ಜ್ವರದಲ್ಲಿ ಮಲಗಿಕೊಂಡೇ ನಗುತ್ತಿದ್ದ, ಡಾಕ್ಟ್ರೇ, ನನ್ನ ಗಾಲಿ ಗೆದ್ದಿದೆ, ನಾನು ಮಲಗಿದ್ರೇನು. ಅವತ್ತು ಉಳಿದಿದ್ದವರು ನಾಲ್ವರು, ತಾವಿಬ್ಬರು, ಹಳದಿ ಅಂಗಿಯ ಬೇರೆ ತಂಡದವರಿಬ್ಬರು, ಇದೇ ಏರು, ಓಟ ಮುಗಿಯಲು ಹದಿನಾಲ್ಕು ಕಿಲೋಮೀಟರು ಬಾಕಿ, ಬೇಕರಿಯವನು ಎಲ್ಲೋ ಎರಡು ನಿಮಿಷ ಹಿಂದೆ. ತಾನು ಮುಂದೆ, ಭಾವ ತನ್ನ ನೆರಳಲ್ಲಿ. ಹಿಂದಿನಿಂದ ಉಸ್ ಅನ್ನುವ ಸದ್ದು. ಆಮೇಲೆ ಭಾವನ ಕೂಗು, ಗಾಲಿ, ಗಾಲಿ ಕೊಡೋ.

ಕೇಳಿಸಲಿಲ್ಲ ಅಂದ ಆಮೇಲೆ. ಗಾಳಿ ಎದುರಿಗಿತ್ತು ಭಾವ, ಹಳದಿ ಅಂಗಿಯವರು ಜಾಡಿಸಿಕೊಂಡು ಹೊರಟರು, ಅವರ ಬೆನ್ನು ಹಿಡಿದೆ, ನೀನು ಹಿಂದೆಯೇ ಇದ್ದೀಯ ಅಂದುಕೊಂಡೆ, ಒಂದು ಸಲವೂ ಹಿಂದೆ ನೋಡಲಿಲ್ಲ – ಎಷ್ಟು ಸಲೀಸಾಗಿ ಬಂತು ಬಾಯಿಗೆ, ಗುಟುಕು ನೀರು ಕುಡಿದಷ್ಟು ಸಲೀಸು, ಒಂದು ಸಲವೂ ಹಿಂದೆ ನೋಡಲಿಲ್ಲ, ಡಾಕ್ಟರಿಗೂ ಅದನ್ನೇ ಹೇಳಿದ, ಅಕ್ಕನಿಗೂ ಅದನ್ನೇ. ನೋಡಿದ್ದ. ತಲೆ ತಿರುಗಿಸದೆ, ಕಂಕುಳ ಕೆಳಗಿನಿಂದ, ರಸ್ತೆ ತಲೆಕೆಳಗಾಗಿ ಕಂಡಿತ್ತು, ಐವತ್ತು ಹೆಜ್ಜೆ ಹಿಂದೆ ಭಾವ ನಿಂತಿದ್ದ, ಮುಂದಿನ ಗಾಲಿ ಕಳಚಿ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದ, ಬಿಸಿಲಿಗೆ ಕಡ್ಡಿಗಳು ಹೊಳೆಯುತ್ತಿದ್ದವು. ಬ್ರೇಕಿನ ಮೇಲೆ ಬೆರಳು ಇತ್ತು, ಸತ್ಯವಾಗಿಯೂ ಇತ್ತು, ಎರಡು ಬೆರಳು, ಒತ್ತಿದ್ದರೆ ಸಾಕಿತ್ತು. ಬೇಕರಿಯವನು ಹಿಂದೆ ಬರುತ್ತಾನಲ್ಲ, ಅವನು ಕೊಡುತ್ತಾನೆ ಬಿಡು, ತನ್ನ ಕಾಲು ಇವತ್ತಿನಷ್ಟು ಚೆನ್ನಾಗಿ ಇನ್ಯಾವತ್ತು ಇರುತ್ತೆ, ಒಂದೇ ಒಂದು ಸಲ, ಅಂತೆಲ್ಲ ಅವತ್ತು ಅಂದುಕೊಂಡನೋ ಆಮೇಲೆ ಪೋಣಿಸಿಕೊಂಡನೋ ಅವನಿಗೇ ಗೊತ್ತಿಲ್ಲ, ಬೆರಳು ಎದ್ದಿತು, ಅಷ್ಟು ಗೊತ್ತು. ಗೆದ್ದ. ಬೇಕರಿಯವನು ಗಾಲಿ ಕೊಟ್ಟು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದುಕೊಂಡು ಬಂದ, ಭಾವ ಹತ್ತೊಂಬತ್ತನೆಯವನಾಗಿ ಬಂದು ಸೈಕಲ್ಲು ಬಿಸಾಕಿ ಗೆದ್ದ ಇವನನ್ನೇ ತಬ್ಬಿಕೊಂಡ, ಬಿಡೋ, ಯಾರು ಗೆದ್ರೇನು, ಬಹುಮಾನದ ಕಪ್ಪು ಮನೆಗೇ ತಾನೇ ಬಂದಿದ್ದು. ಆ ಕಪ್ಪನ್ನು ಅಕ್ಕನ ಮನೆಯಲ್ಲೇ ಬಿಟ್ಟುಬಂದ, ತನ್ನ ಮನೆಯಲ್ಲಿ ಅದು ಕಣ್ಣಿಗೆ ಬೀಳುವುದು ಬೇಡವಾಗಿತ್ತು, ಅಕ್ಕ ಅದಕ್ಕೆ ಭಾವನ ಸ್ಪ್ಯಾನರುಗಳನ್ನು ತುಂಬಿಟ್ಟಳು. ಮುಂದಿನ ವರ್ಷ ಭಾವನ ಮಂಡಿ ನೋವು, ಅದರ ಮುಂದಿನ ವರ್ಷ ಆಪರೇಷನ್ನು, ಇನ್ನು ಸೈಕಲ್ಲು ಬೇಡ ಅಂದರು. ಮುಂದಿನ ಸಲ ನಿನ್ನನ್ನೇ ಗೆಲ್ಲಿಸ್ತೀವಿ ಭಾವ ಅಂತ ಹೇಳುವ ಹಾಗೂ ಉಳಿಯಲಿಲ್ಲ. ಪ್ರತಿ ಭಾನುವಾರ ಅಕ್ಕನ ಮನೆಯಲ್ಲಿ ಊಟ, ಭಾವ ಬಡಿಸುತ್ತಾನೆ, ಹಾಕಿಸ್ಕೊಳೋ, ಕಾಲಿಗೆ ಶಕ್ತಿ ಬೇಡ್ವಾ, ಇವನು ಅನ್ನ ಕಲಸುತ್ತಾನೆ, ಇವತ್ತು ಹೇಳಿಬಿಡೋಣ ಅಂದುಕೊಳ್ಳುತ್ತಾನೆ, ಅಕ್ಕ ಎದುರಿಗಿದ್ದಾಳೆ ಅಂದುಕೊಳ್ಳುತ್ತಾನೆ, ಕೈ ತೊಳೆದು ಎದ್ದುಬರುತ್ತಾನೆ.

ಇವತ್ತು ಹೇಳಬೇಕು. ಬಾಟಲಿ ಕೈಯಿಂದ ಕೈಗೆ ದಾಟಲು ಎರಡು ಮೂರು ಕ್ಷಣ, ಅಷ್ಟು ಸಾಕು, ಭಾವ, ಅವತ್ತು ನಾನು ನೋಡಿದ್ದೆ, ನಾಲ್ಕೇ ಮಾತು, ಹೇಳಿ ಸೈಕಲ್ಲು ತುಳಿದುಕೊಂಡು ಹೊರಟುಹೋಗಬಹುದು, ಅವನ ಮುಖ ನೋಡುವ ಕಷ್ಟವಿಲ್ಲ – ಹೇಡಿ, ತಪ್ಪೊಪ್ಪಿಕೊಳ್ಳುವುದಕ್ಕೂ ಓಡಿಹೋಗಲು ದಾರಿ ಇರುವ ಜಾಗವನ್ನೇ ಹುಡುಕಿದ್ದೀಯಲ್ಲ – ಇರಲಿ, ಹೇಡಿಯಾಗಿಯಾದರೂ ಹೇಳು, ಏರು ಶುರುವಾಯಿತು, ತೊಡೆ ಉರಿಯುತ್ತಿದೆ, ಬೇಕರಿಯವನ ತಲೆ ಅತ್ತಿತ್ತ ಆಡುತ್ತಿದೆ, ಸುಸ್ತಾಗಿದ್ದಾನೆ, ಇನ್ನೇನು ಮೊಣಕೈ ಆಡಿಸುತ್ತಾನೆ, ಮುಂದೆ ಹೋಗು ಅಂತ ಅರ್ಥ, ಅಲ್ಲಿ, ತಿರುವಿನ ಆಚೆ, ನೀಲಿ ಟೋಪಿ, ಭಾವ, ಕುಂಟುತ್ತ ಓಡಲು ಶುರುಮಾಡಿದ್ದಾನೆ, ಬಾಟಲಿಯ ಕತ್ತು ಹಿಡಿದು ಚಾಚಿದ್ದಾನೆ, ಇವನು ಕೈ ಚಾಚಿದ, ತಣ್ಣಗಿನ ಬಾಟಲಿ, ಗ್ರೀಸಿನ ಬೆರಳು, ಭಾವ, ಅವತ್ತು – ಮಾತು ಬೇಡ ಕಣೋ, ಉಸಿರು ಉಳಿಸ್ಕೋ, ಭಾವ ಬೆನ್ನ ಮೇಲೆ ಅಂಗೈ ಇಟ್ಟು ಎರಡು ಹೆಜ್ಜೆ ಜೊತೆಗೇ ಓಡಿದ, ಈ ಸಲ ಹಿಂದೆ ನೋಡ್ಬೇಡ, ಹೋಗು.

ಅಂಗೈ ಬಿಟ್ಟಿತು. ಈ ಸಲ. ಈ ಸಲ ಅಂದ, ಈ ಸಲ ಹಿಂದೆ ನೋಡಬೇಡ ಅಂದ, ಹಾಗಾದರೆ ಆ ಸಲ ನೋಡಿದ್ದು, ಯಾರಿಗೂ ಹೇಳದ್ದು, ಭಾವನಿಗೆ ಹೇಗೆ – ಬೇಕರಿಯವನು ಮೊಣಕೈ ಆಡಿಸಿ ಪಕ್ಕಕ್ಕೆ ಸರಿದ, ಎದುರಿಗೆ ಖಾಲಿ ರಸ್ತೆ, ಗಾಳಿ ರಪ್ಪನೆ ಬಡಿಯಿತು, ಹೋಗೋ, ಹಿಂದಿನಿಂದ ಡಾಕ್ಟರು, ಏನಾಯ್ತೋ ನಿನಗೆ, ಹೋಗೋ – ಕಂಕುಳ ಕೆಳಗೆ ತನಗೆ ಭಾವ ಕಂಡಿದ್ದರೆ ಭಾವನಿಗೆ ತನ್ನ ಮುಖ ಕಾಣದೆ ಇರುತ್ತದೆಯೇ, ದಿನವಿಡೀ ಜನರ ಕಣ್ಣು ಪರೀಕ್ಷಿಸುವವನಿಗೆ ಇಷ್ಟು ಹೊಳೆಯಲಿಲ್ಲ, ಆರು ವರ್ಷ, ಅಷ್ಟು ಭಾನುವಾರ, ಹಾಕಿಸ್ಕೊಳೋ ಅನ್ನುತ್ತ ಬಡಿಸಿದ ಕೈ, ಎಲ್ಲ ಗೊತ್ತಿದ್ದೇ ಬಡಿಸಿದ್ದು, ಗೊತ್ತಿದ್ದೇ ತಬ್ಬಿಕೊಂಡದ್ದು, ಕಾಲು ನಿಂತಿದೆ, ಬ್ರೇಕಿನ ಮೇಲೆ ಎರಡು ಬೆರಳು, ಭಾವ ಗಾಲಿ ಎತ್ತಿ ಹಿಡಿದಿದ್ದಾನೆ, ಕಡ್ಡಿಗಳು ಹೊಳೆಯುತ್ತಿವೆ, ಪ್ರತಿ ಸಲ ನೆನಪನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಿದ್ದ, ಇದರ ಮುಂದಿನದನ್ನು ನೆನೆಯಲು ಮನಸ್ಸನ್ನು ಬಿಡುತ್ತಲೇ ಇರಲಿಲ್ಲ, ಭಾವ ಇವನ ಮುಖ ನೋಡಿದ, ಇನ್ನೊಂದು ಸಲ ಕೂಗಲಿಲ್ಲ, ಗಾಲಿ ಕೆಳಗೆ ಬಂತು, ತಲೆಯಿಂದ ಎದೆಗೆ, ಎದೆಯಿಂದ ಮಂಡಿಗೆ, ನಿಧಾನಕ್ಕೆ, ಸದ್ದಾಗದ ಹಾಗೆ ರಸ್ತೆಗೆ ಊರಿದ, ಗಾಲಿ ಕೆಳಗೆ ಬಂತು, ಭಾವನೇ ಇಳಿಸಿದ, ತಾನಿನ್ನೂ ನೋಡುತ್ತಿರುವಾಗಲೇ ಇಳಿಸಿದ, ಗಾಲಿ ಕೆಳಗೆ