ಶಾಲಿನಡಿಯ ಕೈ

ಮರುದಿನ ನಮ್ಮೂರು ನೇಸರಗಿಯಲ್ಲಿ ನನಗೆ ಸನ್ಮಾನ. ತೆರೆದ ಜೀಪು, ಹಾರ, ಎದೆಯ ಮೇಲೆ ಪದಕ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ಬಂದವನನ್ನು ಊರು ಸುಮ್ಮನೆ ಬಿಡುತ್ತದೆಯೇ? ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಅಪ್ಪನಾದರೂ ತಡೆಯಲಿ ಎಂದು ಸಂಜೆ ಅವನ ಮುಂದೆ ಕುಳಿತು ಎಲ್ಲ ಹೇಳಿದೆ.

ಅಪ್ಪ ಅಂದಾನೆಪ್ಪ ಬೈಲಹೊಂಗಲ ದನದ ಸಂತೆಯ ದಲ್ಲಾಳಿ. ಅಲ್ಲಿ ರೇಟನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈಯೊಳಗೆ ಕೈಯಿಟ್ಟು, ಬೆರಳು ಹಿಡಿದು ತಿಳಿಸುತ್ತಾರೆ; ಹಿಡಿದ ಬೆರಳೆಷ್ಟೋ ರೇಟು ಅಷ್ಟು. ಅದನ್ನು ನೋಡುತ್ತಲೇ ನಾನು ಬೆಳೆದೆ.

ಉತ್ತರದಲ್ಲಿ ನಾನು ಕಾವಲಿದ್ದ ಕಣಿವೆಯಲ್ಲೂ ಇದೇ ಪದ್ಧತಿ. ಒಂದು ದಿನ ನಮ್ಮ ಚೌಕಿಯ ಹತ್ತಿರ ಇಬ್ಬರು ಶಾಲಿನಡಿ ಕೈ ಕೂಡಿಸಿ ನಿಂತಿದ್ದರು. ಕುರಿ ವ್ಯಾಪಾರದವರು, ಬಿಡಿ ಎಂದು ದೊಡ್ಡ ಶಾಣ್ಯಾನಂತೆ ನಾನೇ ಹೇಳಿದೆ. ಶಾಲಿನಡಿ ಇದ್ದದ್ದು ಕೈಬಾಂಬು. ನನ್ನ ಮಾತು ನಂಬಿದ ನಮ್ಮ ಮೂವರು ಜವಾನರು ಸತ್ತರು. ನಮ್ಮಲ್ಲಿ ಹೆಲಿಕಾಪ್ಟರಿತ್ತು, ತೋಪಿತ್ತು. ವೈರಿ ಯಾರೆಂಬುದು ಮಾತ್ರ ಗೊತ್ತಿರಲಿಲ್ಲ. ಹಾಳಾದವನು ಸಮವಸ್ತ್ರ ತೊಟ್ಟು ಬರುವುದಿಲ್ಲವಲ್ಲ!

ಹದಿನೈದು ದಿನಕ್ಕೆ ಮತ್ತೆ ಇಬ್ಬರು, ಮತ್ತೆ ಶಾಲು. ಗುಂಡು ಹಾರಿಸಿದೆ. ಶಾಲು ಸರಿಸಿದರೆ ಬೆರಳು ಹಿಡಿದ ಎರಡು ಕೈ, ಮತ್ತೇನಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಟಗರು ಹಗ್ಗ ಜಗ್ಗುತ್ತಿತ್ತು. ಸರಕಾರಿ ಕಾಗದದಲ್ಲಿ ಅವರಿಬ್ಬರು ಉಗ್ರರಾದರು, ನಾನು ಶೂರನಾದೆ, ಪದಕ ಬಂತು.

ಅಪ್ಪ ನೆಲ ನೋಡುತ್ತಲೇ ಕೇಳಿದ.

"ಎಷ್ಟು ಬೆರಳು ಹಿಡದಿದ್ದ?"

"ನಾಕು."

"ಇನ್ನೊಂದ ಬೆರಳಿಗೆ ವ್ಯಾಪಾರ ಕುದರತಿತ್ತೋ ಏನೋ." ಆಮೇಲೆ ತಲೆಯೆತ್ತಿದ. "ಖರೆ ಹೇಳು ಸಿದ್ಧಾರೂಢ. ಅದು ವ್ಯಾಪಾರ ಅಂತ ನಿನಗ ಗೊತ್ತಾಗಿತ್ತೇನು?"

ಈ ಪ್ರಶ್ನೆಯನ್ನು ಯಾವ ಅಧಿಕಾರಿಯೂ ಕೇಳಿರಲಿಲ್ಲ.

"ಗೊತ್ತಾಗಿತ್ತಪ್ಪಾ. ಹಿಂದಿನ ಸಲಾನೂ ಹಂಗ ಅನಿಸಿತ್ತಲ್ಲ! ಅಂಜಿದೆ. ಅಂಜಿ ಹೊಡದೆ. ನೀ ನನಗ ಒಂದ ಏಟರ ಹೊಡಿ."

ಕಾಲು ಹಿಡಿದುಕೊಂಡೆ. ಅವನು ಕಾಲು ಬಿಡಿಸಿಕೊಂಡು ಒಳಗೆ ಹೋದ. ಬೈದಿದ್ದರೂ ಬದುಕುತ್ತಿದ್ದೆ.

ಬೆಳಿಗ್ಗೆ ಹಲಗಿ ಬಾರಿಸುತ್ತ ಮಂದಿ ಬಂದರು. ನಾನು ಸಮವಸ್ತ್ರ ತೊಟ್ಟಿದ್ದೆ, ನಾಚಿಕೆಗೆಟ್ಟವನು, ಪದಕವನ್ನೂ ಹಾಕಿಕೊಂಡಿದ್ದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತ. ಅವನ ಹೆಗಲ ಮೇಲಿಂದ ನಾನು ಎಲ್ಲರಿಗೂ ಕಾಣುತ್ತಿದ್ದೆ.

"ಹಾರ ತಿರಗಿ ಒಯ್ರಿ," ಎಂದು ಅಪ್ಪ ಕೈಮುಗಿದ. "ನನ್ನ ಮಗಾ ಇನ್ನೂ ಮನಿಗಿ ಬಂದಿಲ್ಲ."