ಇನ್ನೂರ ಹನ್ನೆರಡನೇ ಡಿಗ್ರಿ

ನಮ್ಮ ಕಾಲೇಜಿನ ಮಹಡಿಯ ಮೇಲೆ ಎರಡಾಳೆತ್ತರದ ಮರದ ಅಟ್ಟಣೆಯೊಂದಿತ್ತು. ಅದರಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ಬಡಗಿ ಮೌನೇಶಾಚಾರಿ ಹಲಗೆಗೆ ಹಲಗೆ ಕಚ್ಚಿಸಿ, ಬಿದಿರಿನ ಗೂಟ ಬಡಿದು ಅದನ್ನು ನಿಲ್ಲಿಸಿದ್ದ. ಮೇಲೇರುವವರು ಬೀಗದಕೈ, ಗಡಿಯಾರ, ಉಂಗುರಗಳನ್ನೆಲ್ಲ ಬುಡದಲ್ಲಿದ್ದ ಮಣ್ಣಿನ ಕುಡಿಕೆಯಲ್ಲಿ ಬಿಚ್ಚಿಟ್ಟೇ ಏರಬೇಕು. ನನ್ನ ಎರಡು ಚಿನ್ನದ ಬಳೆಗಳು ಎಷ್ಟೋ ಮಧ್ಯಾಹ್ನಗಳನ್ನು ಆ ಕುಡಿಕೆಯಲ್ಲೇ ಕಳೆದವು. ಆಂಟೆನಾ ಅಳೆಯುವಾಗ ಹತ್ತಿರ ಲೋಹವಿದ್ದರೆ ಅಲೆಗಳು ಅದಕ್ಕೆ ಬಡಿದು ಹಿಂದಿರುಗಿ ಅಳತೆಯನ್ನು ಕೆಡಿಸುತ್ತವೆ. ಈ ನಿಯಮ ಮಾಡಿದವರು ನನ್ನ ಗುರುಗಳಾದ ಧರಣೇಂದ್ರಯ್ಯನವರು.

ಅವರನ್ನು ನಾನು ದೇವರಂತೆ ನಂಬಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಂಬಿದ್ದು ನಿಜ. ಹೆಣ್ಣುಮಗಳು ಸೀರೆ ಎತ್ತಿ ಕಟ್ಟಿ ಅಟ್ಟಣೆ ಏರುವುದೇ ಎಂದು ಉಳಿದ ಅಧ್ಯಾಪಕರು ಮೂಗು ಮುರಿದಾಗ, "ಅಲೆಗೆ ಗಂಡು ಹೆಣ್ಣು ಗೊತ್ತಾಗಲ್ಲ ಕಣ್ರೀ. ಹತ್ತಲಿ ಬಿಡಿ" ಎಂದು ಬಾಯಿ ಮುಚ್ಚಿಸಿದವರು ಅವರೇ. ಆ ಒಂದು ಮಾತಿಗೆ ನಾನು ಜೀವ ಬೇಕಾದರೂ ಕೊಡುತ್ತಿದ್ದೆ. ಕೊನೆಗೆ ಅವರು ತೆಗೆದುಕೊಂಡದ್ದೂ ಹೆಚ್ಚುಕಡಿಮೆ ಅದನ್ನೇ.

ನಾನು ಕಟ್ಟಿದ್ದು ದೋಣಿಗಳಿಗಾಗಿ ಒಂದು ಆಂಟೆನಾ. ದೋಣಿ ಎಷ್ಟು ಓಲಾಡಿದರೂ ಅದರಿಂದ ದಡಕ್ಕೆ ಮಾತು ತಲುಪಬೇಕು ಎಂಬುದು ನನ್ನ ಆಸೆ. ಎರಡು ವರ್ಷ ತಂತಿ ಬಾಗಿಸಿ, ಬಿಚ್ಚಿ, ಮತ್ತೆ ಬಾಗಿಸಿ ಅದಕ್ಕೊಂದು ರೂಪ ಬಂದಿತ್ತು. ಮೌನೇಶಾಚಾರಿ ಮರದ ಚಕ್ರವನ್ನು ಒಂದೊಂದೇ ಡಿಗ್ರಿ ತಿರುಗಿಸುವನು. ನಾನು ಮೀಟರಿನ ಮುಳ್ಳು ನೋಡಿ ಕಾಗದದ ಮೇಲೆ ಒಂದು ಚುಕ್ಕಿ ಇಡುವೆನು. ಮುನ್ನೂರ ಅರವತ್ತು ಚುಕ್ಕಿಗಳನ್ನು ಸೇರಿಸಿದಾಗ ಹೂವಿನ ಎಸಳಿನಂಥ ಗೆರೆ ಮೂಡಿತು. ಇನ್ನೂರ ಹನ್ನೆರಡನೇ ಡಿಗ್ರಿಯಲ್ಲಿ ಮಾತ್ರ ಆ ಎಸಳನ್ನು ಇಲಿ ಕಡಿದಂತೆ ಒಂದು ಕಚ್ಚು ಬಿತ್ತು. ಏಳು ಸಲ ಅಳೆದೆ, ಏಳು ಸಲವೂ ಅದೇ ಕಚ್ಚು.

ಧರಣೇಂದ್ರಯ್ಯನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಆ ದಿಕ್ಕಿಗೆ ಕಿವುಡು ಕಣಮ್ಮ ಇದು. ಹುಟ್ಟುದೋಷ. ದೋಣಿ ಆ ಕಡೆ ತಿರುಗಿದಾಗ ಬಿರುಗಾಳಿ ಬಂದ್ರೆ ಯಾರು ಹೊಣೆ? ಬಿಟ್ಬಿಡು."

"ಇನ್ನೊಂದು ವರ್ಷ ಕೊಡಿ ಸರ್."

"ನನ್ನ ಮೇಲೆ ನಂಬಿಕೆ ಇಲ್ವಾ?"

ಇತ್ತಲ್ಲ, ಅದೇ ತಪ್ಪಾದದ್ದು. ಬಿಟ್ಟುಬಿಟ್ಟೆ. ಏಳು ನಕ್ಷೆಗಳಲ್ಲಿ ಒಂದನ್ನು ಅವರು ಇಟ್ಟುಕೊಂಡರು. ಐದನ್ನು ನಾನು ಬಚ್ಚಲ ಒಲೆಗೆ ಹಾಕಿದೆ. ಉಳಿದ ಒಂದನ್ನು ಸುಡಲು ಮನಸ್ಸು ಬರಲಿಲ್ಲ. ಅದರ ಮೂಲೆಯಲ್ಲಿ ತಾರೀಖು, ನನ್ನ ಸಹಿ ಮತ್ತು ಅಳತೆಗೆ ಸಾಕ್ಷಿಯಾಗಿ ಅವರದೇ ಸಹಿ ಇದ್ದವು. ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಧರಣೇಂದ್ರಯ್ಯನವರು ಮುಂದಿನ ವರ್ಷ ದೊಡ್ಡ ಹುದ್ದೆ ಸಿಕ್ಕಿ ಬೇರೆ ಊರಿಗೆ ಹೋದರು. ನಾನು ಹದಿನೆಂಟು ವರ್ಷ ಹುಡುಗರಿಗೆ ಬೆಸುಗೆ ಹಾಕುವುದನ್ನು ಕಲಿಸಿದೆ. ಹೊಸದೇನನ್ನಾದರೂ ಕಟ್ಟುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಒಂದು ದಿನ ಎದುರಿನ ಹಾಸ್ಟೆಲಿನವರು ತುಕ್ಕು ಹಿಡಿದ ತಮ್ಮ ಕಬ್ಬಿಣದ ನೀರಿನ ತೊಟ್ಟಿಯನ್ನು ಮಹಡಿಯಿಂದ ಕೆಳಗಿಳಿಸಿದರು. ಏನನ್ನಿಸಿತೋ, ಹಳೆಯ ಆಂಟೆನಾವನ್ನು ಧೂಳು ಕೊಡವಿ ಹೊರತೆಗೆದೆ. ಬಳೆಗಳನ್ನು ಕುಡಿಕೆಯಲ್ಲಿಟ್ಟು ಅಟ್ಟಣೆ ಏರಿದೆ. ಮುದುಕನಾಗಿದ್ದ ಮೌನೇಶಾಚಾರಿ ಗೊಣಗುತ್ತಲೇ ಚಕ್ರ ತಿರುಗಿಸಿದ. ಇನ್ನೂರ ಹನ್ನೆರಡು ಬಂತು, ಹೋಯಿತು. ಗೆರೆಯಲ್ಲಿ ಎಲ್ಲೂ ಕಚ್ಚು ಬೀಳಲಿಲ್ಲ. ಚಕ್ರವನ್ನು ಮತ್ತೆ ಇನ್ನೂರ ಹನ್ನೆರಡಕ್ಕೆ ತರಿಸಿ ತಲೆಯೆತ್ತಿ ನೋಡಿದರೆ ಆಂಟೆನಾದ ಮೂತಿ ನೇರವಾಗಿ ತೊಟ್ಟಿಯಿದ್ದ ಜಾಗಕ್ಕೆ ತಿರುಗಿತ್ತು.

"ಅಲ್ರೀ ಮೇಡಮ್ನೋರೆ, ಒಂದು ಗುಂಡುಸೂಜಿ ಮೇಲಕ್ಕೆ ಬಿಡ್ತಿರಲಿಲ್ಲ ನೀವು. ಆನೆಯಂಥ ತೊಟ್ಟಿ ಕಣ್ಣಿಗೆ ಬೀಳ್ಲಿಲ್ವಾ?" ಎಂದ ಅವನು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಆಂಟೆನಾ ಕಿವುಡಾಗಿರಲಿಲ್ಲ. ಪಾಪ, ಗುರುಗಳಿಗೂ ತೊಟ್ಟಿ ಹೊಳೆದಿರಲಿಲ್ಲ ಎಂದುಕೊಂಡೆ. ಅವರಿಗೆ ಸಂತೋಷದಿಂದ ಒಂದು ಕಾಗದವನ್ನೂ ಬರೆಯತೊಡಗಿದ್ದೆ.

ಅದನ್ನು ಅಂಚೆಗೆ ಹಾಕುವ ಮೊದಲೇ ಧರಣೇಂದ್ರಯ್ಯನವರು ನಿವೃತ್ತರಾಗಿ ಊರಿಗೆ ಮರಳಿದರು. ಅವರಿಗೊಂದು ಸನ್ಮಾನ ಏರ್ಪಾಡಾಯಿತು. ಅಭಿನಂದನೆಯ ಮಾತು ಶಿಷ್ಯೆಯಾದ ನನ್ನದೇ ಎಂದು ಸಮಿತಿಯವರು ತೀರ್ಮಾನಿಸಿ, ತಯಾರಿಗೆಂದು ಅವರಿಗೆ ಹೆಸರು ತಂದ ಪುಸ್ತಕವನ್ನು ಕಳಿಸಿಕೊಟ್ಟರು. ಆಂಟೆನಾ ವಿಷಯದಿಂದಲೇ ದೂರವಿದ್ದ ನಾನು ಅದನ್ನು ಅದುವರೆಗೆ ತೆರೆದಿರಲಿಲ್ಲ. ನಲವತ್ತೆರಡನೇ ಪುಟ ತಿರುವಿದೆ. ಅಲ್ಲಿ ನನ್ನ ಎಸಳಿತ್ತು, ನನ್ನ ಕಚ್ಚಿತ್ತು. ಕೆಳಗೆ 'ಲೇಖಕರು ತೆರೆದ ಬಯಲಿನಲ್ಲಿ ಅಳೆದದ್ದು' ಎಂದು ಅಚ್ಚಾಗಿತ್ತು. ಮುಂದಿನ ಎರಡು ಪುಟಗಳಲ್ಲಿ ಆ ಕಚ್ಚು ಈ ಆಂಟೆನಾದ ವೈಶಿಷ್ಟ್ಯವೆಂದು ಗಣಿತ ಸಮೇತ ಸಾಧಿಸಿದ್ದರು. ಒಂದು ಹಾಸ್ಟೆಲಿನ ತೊಟ್ಟಿಗೆ ಎರಡು ಪುಟದ ಸಿದ್ಧಾಂತ! ಒಂದೇ ಒಂದು ಸಲ ಬಯಲಿಗೆ ಹೋಗಿ ಅಳೆದಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ. ಕದಿಯುವುದರಲ್ಲೂ ಸೋಮಾರಿತನ.

ಆದರೂ ಒಂದು ಅವಕಾಶ ಕೊಡೋಣವೆನಿಸಿತು. ಎಲ್ಲರೆದುರು ಅವರೇ ನನ್ನ ಹೆಸರು ಹೇಳಿದರೆ ಸಾಕು, ಹದಿನೆಂಟು ವರ್ಷವನ್ನು ನುಂಗಿಕೊಳ್ಳಲು ನಾನು ಸಿದ್ಧಳಿದ್ದೆ. ಸುರುಳಿಯನ್ನು ಚೀಲದಲ್ಲಿಟ್ಟುಕೊಂಡು ವೇದಿಕೆ ಹತ್ತಿದೆ. ಹೊಗಳಬೇಕಾದಷ್ಟು ಹೊಗಳಿ, ಕೊನೆಗೆ ಅವರತ್ತ ತಿರುಗಿ ಕೇಳಿದೆ: "ಸರ್, ನಲವತ್ತೆರಡನೇ ಪುಟದ ನಕ್ಷೆಯನ್ನ ಎಲ್ಲಿ ಅಳೆದಿರಿ? ಜೊತೆಗೆ ಯಾರಿದ್ರು?"

ಅವರು ನನ್ನ ಕಣ್ಣನ್ನೇ ನೋಡಿದರು. ಅವರಿಗೆ ಅರ್ಥವಾಯಿತೆಂಬುದು ನನಗೆ ಗೊತ್ತಾಯಿತು.

"ಊರಾಚೆ ಬಯಲಲ್ಲಿ ಕಣಮ್ಮ. ಒಬ್ಬನೇ ಇದ್ದೆ" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಸುರುಳಿಯನ್ನು ಹೊರತೆಗೆದು, "ಹಾಗಾದ್ರೆ ಇದೇನು ಸರ್?" ಎಂದೆ. ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಮೈಕನ್ನು ತನ್ನತ್ತ ಎಳೆದುಕೊಂಡು, "ಶಿಷ್ಯೆಯಿಂದ ಗುರುಗಳಿಗೆ ಕಾಣಿಕೆ!" ಎಂದು ಕೂಗಿಬಿಟ್ಟ. ಮತ್ತೆ ಚಪ್ಪಾಳೆ. "ಅಲ್ಲ, ಅಲ್ಲ" ಎಂದ ನನ್ನ ಮಾತು ನನಗೇ ಕೇಳಿಸಲಿಲ್ಲ. ಧರಣೇಂದ್ರಯ್ಯನವರು ಎದ್ದು ಬಂದು ಎರಡೂ ಕೈಗಳಿಂದ ಸುರುಳಿಯನ್ನು ಹಿಡಿದುಕೊಂಡರು, ತಲೆಬಾಗಿ ಕಣ್ಣಿಗೊತ್ತಿಕೊಂಡರು. ಅದು ಹಣ್ಣಿನ ತಟ್ಟೆ, ಶಾಲುಗಳ ಜೊತೆ ಅವರ ಮನೆಗೆ ಹೋಯಿತು.

ಮರುದಿನ ಬೆಳಿಗ್ಗೆಯೇ ಹೋಗಿ ಅವರ ಬಾಗಿಲಲ್ಲಿ ನಿಂತೆ. "ಸರ್, ನನ್ನ ನಕ್ಷೆ ವಾಪಸು ಕೊಡಿ."

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಅವರು ಲೋಟ ಕೆಳಗಿಟ್ಟು, ಮೊದಲಿನ ಅದೇ ಮೃದು ದನಿಯಲ್ಲಿ ಹೇಳಿದರು: "ನೀನೇ ಕೊಟ್ಟೆಯಲ್ಲಮ್ಮ, ಎಲ್ಲರೆದುರು. ಕೊಟ್ಟದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?"

ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆಯನ್ನು ನಾನು ಅಲ್ಲಿಯತನಕ ಬರೀ ತಮಾಷೆಗೆ ಬಳಸುತ್ತಿದ್ದೆ.

ಸಮಿತಿಯವರು ಸನ್ಮಾನದ ಫೋಟೋ ಒಂದನ್ನು ಚೌಕಟ್ಟು ಹಾಕಿಸಿ ನನಗೂ ಕೊಟ್ಟರು. ಸುರುಳಿಯ ಒಂದು ತುದಿ ಅವರ ಕೈಯಲ್ಲಿದೆ, ಇನ್ನೊಂದು ತುದಿ ನನ್ನ ಕೈಯಲ್ಲಿ. ಮನೆಗೆ ಬಂದವರೆಲ್ಲ ಅದನ್ನು ನೋಡಿ, ಎಷ್ಟು ಭಕ್ತಿಯಿಂದ ಕೊಡುತ್ತಿದ್ದೀರಿ ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ನನ್ನ ಬೆರಳ ಗೆಣ್ಣುಗಳು ಬೆಳ್ಳಗಾಗಿರುವುದು ಕಾಣುತ್ತದೆ. ನಾನು ಎಳೆದುಕೊಳ್ಳುತ್ತಿದ್ದೆ.